ಅಡ್ಡಕೊಯ್ತ

ಪೀಣ್ಯ ಎರಡನೇ ಹಂತ, ತಗಡಿನ ಸೂರಿನ ಹಿಂಬದಿ
ಕಿಟಕಿಯಿಲ್ಲದ ಕೋಣೆ; ನನ್ನದು.
ಬೆಸುಗೆ ಹಾಕುವವರು ಆಚೆ, ಬೆಳಕಿನಲ್ಲಿ.
ನಾನು ಅದನ್ನು ಕೊಯ್ದು ನೋಡುವವಳು.

ಗರಗಸ, ನೀರು, ಉಜ್ಜುಕಾಗದ, ಒರಟಿನಿಂದ ನಯಕ್ಕೆ,
ಆಮೇಲೆ ಆಸಿಡ್ಡಿನಲ್ಲಿ ಅದ್ದಿದ ಹತ್ತಿ.
ಎಣಿಸಿ ಅರವತ್ತು.
ಕನ್ನಡಿಯಂಥ ಲೋಹ ಮಬ್ಬಾಗುತ್ತ ಮಬ್ಬಾಗುತ್ತ
ಒಳಗಿಂದೊಂದು ಆಕಾರ ಎದ್ದು ಬರುತ್ತದೆ:
ಅಗಲ, ಆಳ, ಉಬ್ಬು.
ಮೂರು ಅಂಕಿ ಬರೆದು ರುಜು ಹಾಕಬೇಕು. ಅಷ್ಟೇ ಕೆಲಸ.

ಹನ್ನೊಂದು ವರ್ಷದಿಂದ ಚೌರಪ್ಪನವರ ಕೈ ನನಗೆ ಗೊತ್ತು,
ಮುಖಕ್ಕಿಂತ ಚೆನ್ನಾಗಿ ಗೊತ್ತು.
ನಡುವೆ ತುಸುವೇ ಉಬ್ಬಿ, ಉಂಡು ಕೂತವರ ಹೊಟ್ಟೆಯ ಹಾಗೆ,
ಎರಡೂ ಅಂಚಿನಲ್ಲಿ ಪ್ಲೇಟಿಗೆ ಮೆತ್ತಗೆ ಒರಗಿದ ಬೆಸುಗೆ.

ಮೊನ್ನೆ ಹೊಸ ಹುಡುಗ ಹುಲುಗಪ್ಪ, ಐಟಿಐ ಮುಗಿಸಿದವನು,
ಮಾರ್ಕರಿನಲ್ಲಿ ಬರೆದ ತುಂಡುಗಳನ್ನು ತಂದಿಟ್ಟ:
ನೂರು, ನೂರಿಪ್ಪತ್ತು, ನೂರನಲವತ್ತು, ನೂರರವತ್ತು.
"ಕರೆಂಟು ಏರಿಸಿದ್ರೆ ಆಳಕ್ಕಿಳೀತದಲ್ರೀ ಮೇಡಂ?"
ಉಕ್ಕಾದರೆ ಇಳಿದೀತು. ಇದು ನಿಕಲ್ಲು.
ಕೊಯ್ದು ತೋರಿಸಿದೆ.
ಅರವತ್ತು ಆಂಪಿಯರು ಹೆಚ್ಚಿಗೆ ತಿಂದು
ಆಳ ಉಗುರಿನ ಅಂಚಿನಷ್ಟು,
ಅಗಲ ಮಾತ್ರ ಹಾಸಿಗೆ ಮೀರಿ ಚಾಚಿದ ಕಾಲು.

ಚೌರಪ್ಪ ಹೆಲ್ಮೆಟ್ಟು ಹಣೆಗೇರಿಸಿ ನಕ್ಕರು:
"ಉಕ್ಕು ಸಾರಿದ್ದಂಗೆ ಮಗ, ಬಗ್ಗಿಸಿದ ಕಡೆ ಓಡುತ್ತೆ.
ಇದು ಮುದ್ದೆ ಹಿಟ್ಟು.
ಉರಿ ಜೋರು ಮಾಡಿದ್ರೆ ತಳ ಹಿಡಿಯುತ್ತೆ ಹೊರತು ಬೇಯಲ್ಲ.
ಕೋಲಾಡಿಸ್ಬೇಕು. ಅಂಚಿಗೆ ಒಯ್ದು, ಒಂದು ಗಳಿಗೆ ನಿಂತು,
ಈಚೆ ತಂದು, ಮತ್ತೆ ನಿಂತು."
ಬೆರಳು ಗಾಳಿಯಲ್ಲಿ ತೊಟ್ಟಿಲು ತೂಗಿತು.
ಆಮೇಲೆ ಗದರಿದರು:
"ಮಾರ್ಕರು ಬೆಸುಗೆ ಆದ್ಮೇಲೆ. ಮೊದಲಲ್ಲ.
ಮಸೀನಲ್ಲಿ ಗಂಧಕ ಇದ್ರೆ ಸೀಳೋದು ಗ್ಯಾರಂಟಿ."

ನನಗೊಂದು ಹಾಕಲು ಕೊಡಿ ಅಂದೆ.
ಯಾಕೆ ಅಂದೆನೋ. ಊಟದ ಹೊತ್ತು,
ರಸ್ತೆಯಾಚೆ ಮೆಟ್ರೊ ದಾಸರಹಳ್ಳಿಯತ್ತ ಹೋಗುತ್ತಿತ್ತು.

ಅವರ ಕೋಟು ನನಗೆ ಮೊಣಕಾಲವರೆಗೆ.
ಗಾಜಿನ ಹಿಂದೆ ಕತ್ತಲೆ, ಆರ್ಗಾನಿನ ಹಿಸ್ಸೆಂಬ ಸದ್ದು,
ಆಮೇಲೆ ಕತ್ತಲೆಯ ನಡುವೆ ಒಂದು ಹಸಿರು ಕೆರೆ,
ಕಡಲೆಕಾಳಿನಷ್ಟು.
ದುಂಡಗಿತ್ತು. ಹೆದರಿದೆ. ಕೈ ಓಡಿತು.
ಕೆರೆಗೆ ಬಾಲ ಬಂತು, ಗೊದಮೊಟ್ಟೆಯ ಹಾಗೆ;
ಕೊನೆಯಲ್ಲಿ ದಿಢೀರನೆ ಕೈ ಎತ್ತಿಬಿಟ್ಟೆ.
"ಹಂಗೆ ಬಿಟ್ಟು ಬರಬಾರದು," ಅಂದರು.
"ಕರೆಂಟು ಇಳಿಸ್ತಾ ಇಳಿಸ್ತಾ, ಗುಂಡಿ ತುಂಬಿಸಿ ಹೊರಡಬೇಕು."

ಸಂಜೆ ಎಲ್ಲರೂ ಹೋದ ಮೇಲೆ ನನ್ನದನ್ನೇ ಕೊಯ್ದೆ.
ಗರಗಸ, ನೀರು, ಕಾಗದ. ಎಣಿಸಿ ಅರವತ್ತು.
ನಲವತ್ತಕ್ಕೇ ಕಂಡಿತು:
ಉಬ್ಬಿಲ್ಲ. ನಡು ಕುಸಿದಿದೆ.
ಎರಡು ದಡದಿಂದ ಹೆಪ್ಪುಗಟ್ಟುತ್ತ ಬಂದ ಹರಳುಸಾಲುಗಳು
ಸರಿ ನಡುವೆ ಎದುರುಬದುರಾಗಿ,
ಕೈ ಹಿಡಿಯದೆ ನಿಂತಿವೆ.
ಅವುಗಳ ಮಧ್ಯೆ ಒಂದು ಗೆರೆ,
ಐವತ್ತು ಪಟ್ಟು ಹಿಗ್ಗಿಸಿದರೂ ಹಸುಗೂಸಿನ ಕೂದಲು.

ಎಷ್ಟು ತುಂಡುಗಳಿಗೆ "ತಿರಸ್ಕೃತ" ಎಂದು ಬರೆದಿದ್ದೇನೆ,
ಆ ಕೈ ಯಾಕೆ ಓಡಿತೆಂದು ಕೇಳದೆ:
ಶಿಫ್ಟಿನ ಗಂಟೆಯೋ, ಮೇಸ್ತ್ರಿಯ ಕಣ್ಣೋ,
ಮನೆಯಿಂದ ಬಂದ ಫೋನೋ.
ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ.
ವೇಗ, ನಿಮಿಷಕ್ಕೆ ಇಷ್ಟು ಮಿಲಿಮೀಟರು, ಎಂದಷ್ಟೇ ಇದೆ.

ನನ್ನದಕ್ಕೂ ಮೂರು ಅಂಕಿ ಬರೆದೆ. ತಿರಸ್ಕೃತ. ರುಜು.
ಬೆಸುಗೆ ಹಾಕಿದವರ ಹೆಸರು ಎಂಬಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಮಾರನೆಯ ದಿನ ಚೌರಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು,
ಏನೂ ಅನ್ನಲಿಲ್ಲ.
ಜೇಬಿನಿಂದ ಹೊಸ ತುಂಡೊಂದು ತೆಗೆದು
ಬ್ರಷ್ಷಿನಿಂದ ತಿಕ್ಕಿದರು,
ಹೊಳಪು ಬರುವವರೆಗೆ, ಬಂದ ಮೇಲೂ ಒಂದಿಷ್ಟು.
"ನೂರಹತ್ತಕ್ಕೆ ಇಡು," ಅಂದರು ಹುಲುಗಪ್ಪನಿಗೆ,
"ಊಟದ ಹೊತ್ತಿಗೆ ಮೇಡಮ್ಮೋರು ಬರ್ತಾರೆ."